ಪ್ರೌಢಶಾಲೆಯ ಮಾಧ್ಯಮ ತರಗತಿ: ತಂತ್ರಾಂಶದ ಬೆಲೆ, ಕನ್ನಡದ ಅಗತ್ಯ

ಶಿವಮೊಗ್ಗ: ನಗರದಿಂದ ಸವಳಂಗ ರಸ್ತೆ ಹಿಡಿದು ಸಾಗಿದರೆ ನವುಲೆಯ ಬಳಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಎದುರಾಗುತ್ತದೆ. 1980ರಲ್ಲಿ ಆರಂಭವಾದ ಸಂಸ್ಥೆಯಿದು. ಇನ್ನೊಂದು ದಿಕ್ಕಿನಲ್ಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗವಿದೆ. ಉನ್ನತ ಶಿಕ್ಷಣ ಸಂಸ್ಥೆಗಳ ಆಯವ್ಯಯದಲ್ಲಿ ತಂತ್ರಾಂಶ ಖರೀದಿಗೆಂದು ಒಂದು ಬಾಬ್ತು ಇರುವುದು ಸಹಜ. ಪ್ರೌಢಶಾಲೆಯ ಲೆಕ್ಕಪುಸ್ತಕದಲ್ಲಿ ಅದು ವಿರಳ. ಆದರೆ ಗೋಡೆ ಪತ್ರಿಕೆ, ವಾರ್ಷಿಕ ಸಂಚಿಕೆ, ಕಿರುಚಿತ್ರಗಳ ಕೆಲಸ ಈಗ ಕಂಪ್ಯೂಟರಿನಲ್ಲೇ ನಡೆಯಬೇಕಾಗಿದೆ. ಸಿಬಿಎಸ್‌ಇ 9 ಮತ್ತು 10ನೇ ತರಗತಿಗಳಿಗೆ ಮಲ್ಟಿಮೀಡಿಯಾವನ್ನು ಕೌಶಲ ವಿಷಯವಾಗಿಯೇ ಇರಿಸಿದೆ. ಹೀಗಿರುವಾಗ ಚಿತ್ರ ತಿದ್ದುವ, ಪುಟ ಕಟ್ಟುವ, ಧ್ವನಿ ಹಾಗೂ ದೃಶ್ಯ ಸಂಕಲಿಸುವ ತಂತ್ರಾಂಶಗಳನ್ನು ಶಾಲೆ ಹೊಂದಿಸುವುದು ಹೇಗೆ?

ಬೆಲೆಯ ಸ್ವರೂಪವೇ ಬದಲಾಗಿರುವುದನ್ನು ಮೊದಲು ಗಮನಿಸಬೇಕು. 2012ರ ಕ್ರಿಯೇಟಿವ್ ಸೂಟ್ 6, ಅಡೋಬ್ ಕಂಪನಿ ಒಮ್ಮೆಗೆ ಮಾರಿದ ಕೊನೆಯ ಸಂಪುಟ. 2013ರಿಂದ ಆ ಕಂಪನಿ ಚಂದಾ ಪದ್ಧತಿಗೆ ಹೊರಳಿತು. ದಾನಿಯೊಬ್ಬರು ಒಂದು ವರ್ಷ ನೀಡಿದ ಹಣದಿಂದ ಕೊಂಡು ಹತ್ತು ವರ್ಷ ಬಳಸುವ ದಾರಿ ಅಲ್ಲಿಗೆ ಮುಚ್ಚಿತು. 2018ರಲ್ಲಿ ಅಮೆರಿಕದ ಶಾಲೆಗಳಿಗೆ ಇದೇ ಕಂಪನಿ ವಿದ್ಯಾರ್ಥಿಯೊಬ್ಬನಿಗೆ ವರ್ಷಕ್ಕೆ 4.99 ಡಾಲರ್ ದರ ಪ್ರಕಟಿಸಿದಾಗ ಅಗ್ಗವೆನಿಸಿದ್ದು ನಿಜ. ಆದರೆ ಒಂದು ಶಾಲೆ ಕನಿಷ್ಠ 500 ಪರವಾನಗಿ ಕೊಳ್ಳಬೇಕೆಂಬ ಷರತ್ತಿತ್ತು. ಎಂದರೆ ವರ್ಷಕ್ಕೆ ಸುಮಾರು 2,500 ಡಾಲರ್. ನೂರೈವತ್ತು ಮಕ್ಕಳ ಶಾಲೆಯೊಂದು ಮೂರು ಪಟ್ಟು ಪರವಾನಗಿಗೆ ಹಣ ತೆರಬೇಕಾದ ಲೆಕ್ಕವಿದು.

ಉಳಿದ ದಾರಿ ಎಲ್ಲರಿಗೂ ಗೊತ್ತಿರುವ, ಯಾರೂ ಬರೆದಿಡದ ನಕಲು ಪ್ರತಿ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ನಕಲು ಎಂದು ತಿಳಿದೂ ತಂತ್ರಾಂಶ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯ ಸೆರೆವಾಸ ಕೈಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ಸೀಮಿತಗೊಳಿಸಬಹುದು. ಶಿಕ್ಷೆಯ ಮಾತು ಬದಿಗಿರಲಿ, ವರದಿಗಾರಿಕೆಯ ನೀತಿ ಬೋಧಿಸುವ ಕೊಠಡಿಯಲ್ಲೇ ಕದ್ದ ತಂತ್ರಾಂಶ ಇರುವುದು ಶೋಭೆಯಲ್ಲ.

ಈ ಸಮಸ್ಯೆಗೆ ಕನ್ನಡ ಮಕ್ಕಳ ನಡುವೆಯೇ ಒಂದು ಉತ್ತರ ದೊರೆತಿದೆ. ಅದು ಗಡಿಯಾಚೆಯ ಕಾಸರಗೋಡಿನಲ್ಲಿ. ಕೇರಳ ಸರ್ಕಾರ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿತು. ಕ್ರಮೇಣ ಶಾಲಾ ಕಂಪ್ಯೂಟರುಗಳೆಲ್ಲ ಸ್ವತಂತ್ರ ತಂತ್ರಾಂಶಕ್ಕೆ, ಅರ್ಥಾತ್ ಗ್ನು/ಲಿನಕ್ಸ್‌ಗೆ ಬಂದವು. 2017ರಲ್ಲಿ ಯೋಜನೆ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ. ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲೂ ಮುದ್ರಣವಾಗುತ್ತದೆ. ಪ್ರೌಢಶಾಲಾ ಹಂತದಲ್ಲಿ ಚಿತ್ರ ತಿದ್ದಲು ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಚಲನಚಿತ್ರಿಕೆಗೆ ಸಿನ್‌ಫಿಗ್ ಮೊದಲಾದವು ಪಾಠದ ಭಾಗವಾದವು. ಇಲ್ಲಿ ತಂತ್ರಾಂಶವೆಂಬುದು ಹವ್ಯಾಸಿ ಮೇಷ್ಟರೊಬ್ಬರ ಉತ್ಸಾಹಕ್ಕೆ ಬಿಟ್ಟ ವಿಷಯವಲ್ಲ, ಪರೀಕ್ಷೆಗೆ ಬರುವ ವಿಷಯ. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಮಕ್ಕಳ ಕೂಟಗಳು ಇನ್ನೂ ಮುಂದೆ ಹೋಗಿ ಚಲನಚಿತ್ರಿಕೆ, ಶಾಲಾ ಸುದ್ದಿಯ ದೃಶ್ಯ ದಾಖಲೆ, ಡಿಜಿಟಲ್ ಪತ್ರಿಕೆಗಳನ್ನು ಕೈಗೆತ್ತಿಕೊಂಡವು.

2019ರಲ್ಲಿ ತನ್ನ ಹೊಸ ಆವೃತ್ತಿಯನ್ನು ಎರಡು ಲಕ್ಷ ಕಂಪ್ಯೂಟರುಗಳಿಗೆ ಅಳವಡಿಸುವುದರಿಂದ 3,000 ಕೋಟಿ ರೂಪಾಯಿ ಉಳಿತಾಯವಾಗುವುದೆಂದು ಕೈಟ್ ಹೇಳಿತು. ಕಂಪ್ಯೂಟರೊಂದಕ್ಕೆ ಒಂದೂವರೆ ಲಕ್ಷ ರೂಪಾಯಿಯ ತಂತ್ರಾಂಶ ಬೇಕಾಗುತ್ತಿತ್ತೆಂಬ ಲೆಕ್ಕ ಇದರ ಹಿಂದಿದೆ. ಯಾವ ಸರ್ಕಾರವೂ ಅಷ್ಟನ್ನೂ ಕೊಳ್ಳುತ್ತಿರಲಿಲ್ಲವಾದ್ದರಿಂದ ಈ ಮೊತ್ತವನ್ನು ಅಕ್ಷರಶಃ ನಂಬಬೇಕಿಲ್ಲ. ನಿಜವಾದ ಲಾಭ ಬೇರೆಯದು: ಶಾಲೆಯಲ್ಲಿ ಕಲಿತ ಸಾಧನವನ್ನೇ ವಿದ್ಯಾರ್ಥಿ ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯಬಹುದು, ನೆರೆಮನೆಯವರಿಗೂ ಹಂಚಬಹುದು, ಅದೂ ಕಾನೂನುಬದ್ಧವಾಗಿ.

ಕರ್ನಾಟಕದಲ್ಲೂ ಈ ದಿಸೆಯ ಯತ್ನಗಳು ನಡೆದಿವೆ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜತೆಗೂಡಿ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲಾ ಶಿಕ್ಷಕರಿಗೆ ಸ್ವತಂತ್ರ ತಂತ್ರಾಂಶದ ತರಬೇತಿ ನೀಡಿತು. 2012ರ ರಾಷ್ಟ್ರೀಯ ಶಾಲಾ ಮಾಹಿತಿ ತಂತ್ರಜ್ಞಾನ ನೀತಿಯೂ ಸ್ವತಂತ್ರ ತಂತ್ರಾಂಶಕ್ಕೇ ಒಲವು ತೋರಿದೆ. ಕೊರತೆ ಎಲ್ಲಿದೆಯೆಂದರೆ, ಕೇರಳದಂತೆ ಇಲ್ಲಿ ಅದು ಎಲ್ಲ ಮಕ್ಕಳ ಪಠ್ಯವೂ ಪರೀಕ್ಷೆಯೂ ಆಗಲಿಲ್ಲ.

ಇನ್ನು ಸಾಧನಗಳ ಆಯ್ಕೆ. ಹಣ, ಯಂತ್ರ ಎರಡೂ ಕಡಿಮೆಯಿರುವ ಶಾಲೆ ಧ್ವನಿಯಿಂದ ಆರಂಭಿಸುವುದು ಜಾಣತನ. ಫೋನಿನಲ್ಲಿ ಮುದ್ರಿಸಿಕೊಂಡ ಸಂದರ್ಶನವನ್ನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕತ್ತರಿಸಿ ಜೋಡಿಸಬಹುದು. ಹಳೆಯ ಕಂಪ್ಯೂಟರೂ ಸಾಕು. ಆಕಾಶವಾಣಿ ಭದ್ರಾವತಿಯನ್ನು ಕೇಳಿ ಬೆಳೆದ ಈ ಸೀಮೆಯಲ್ಲಿ ಬಾನುಲಿ ರೂಪಕವೆಂದರೇನೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ದೃಶ್ಯ ಸಂಕಲನಕ್ಕೆ ಓಪನ್‌ಶಾಟ್, ಕೆಡೆನ್‌ಲೈವ್‌ಗಳಿವೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಚಲನಚಿತ್ರ ಮಟ್ಟದ್ದೇ ಆದರೂ 16 ಜಿಬಿ ಮೆಮೊರಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬಯಸುತ್ತದೆ. ಉಚಿತ ತಂತ್ರಾಂಶಕ್ಕಾಗಿ ದುಬಾರಿ ಯಂತ್ರ ಕೊಳ್ಳುವುದು ಬುದ್ಧಿವಂತಿಕೆಯಲ್ಲ. ಕ್ಯಾನ್ವಾ ತನ್ನ ಶಿಕ್ಷಣ ಆವೃತ್ತಿಯನ್ನು ದೃಢೀಕೃತ ಶಾಲಾ ಶಿಕ್ಷಕರಿಗೆ ಉಚಿತವಾಗಿ ನೀಡುತ್ತದೆ. ಅದಕ್ಕೆ ಸ್ಥಿರ ಅಂತರಜಾಲ ಸಂಪರ್ಕ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಯಂತ್ರಗಳನ್ನು ಎಸೆಯುವ ಮುನ್ನ ಲಿನಕ್ಸ್ ಹಾಕಿ ನೋಡುವುದು ಲೇಸು.

ಕನ್ನಡ ಶಾಲೆಗೆ ಬೆಲೆಗಿಂತ ದೊಡ್ಡ ಪರೀಕ್ಷೆಯೊಂದಿದೆ. ‘ಸ್ವಾತಂತ್ರ್ಯ’, ‘ಸ್ತ್ರೀ’, ‘ಅರ್ಥ’ ಎಂಬ ಮೂರು ಪದಗಳನ್ನು ಯೂನಿಕೋಡ್‌ನಲ್ಲಿ ಟೈಪಿಸಿ ನೋಡಬೇಕು. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ, ಅರ್ಕಾವತ್ತು ಜಾಗ ತಪ್ಪಿದರೆ ಆ ತಂತ್ರಾಂಶ ಎಷ್ಟೇ ಪ್ರಸಿದ್ಧವಾಗಿದ್ದರೂ ಪ್ರಯೋಜನವಿಲ್ಲ. ದುಬಾರಿ ತಂತ್ರಾಂಶಗಳೂ ಇದರಲ್ಲಿ ಬಹುಕಾಲ ಹಿಂದಿದ್ದವು. ಇನ್‌ಡಿಸೈನ್‌ಗೆ ಕನ್ನಡದ ಬೆಂಬಲ ಬಂದಿದ್ದು 2012ರಲ್ಲಿ. ಪುಟವಿನ್ಯಾಸದ ಉಚಿತ ತಂತ್ರಾಂಶ ಸ್ಕ್ರೈಬಸ್‌ಗೆ ಭಾರತೀಯ ಲಿಪಿಗಳ ಜೋಡಣೆ ಬಂದದ್ದು 1.5 ಸರಣಿಯ ಅಭಿವೃದ್ಧಿ ಆವೃತ್ತಿಗಳಲ್ಲಿ, ಸ್ಥಿರ ರೂಪ ದೊರೆತದ್ದು 2024ರ 1.6ರಲ್ಲಿ. ಆದ್ದರಿಂದ ಹಳೆಯ ಸ್ಕ್ರೈಬಸ್ ಬಳಸಿ ನಿರಾಶರಾದವರು ಮತ್ತೊಮ್ಮೆ ನೋಡಬಹುದು. ಗುಬ್ಬಿ, ನವಿಲು, ನೋಟೊ, ಬಾಲೂ ತಮ್ಮ ಮುಂತಾದ ಯೂನಿಕೋಡ್ ಅಕ್ಷರವಿನ್ಯಾಸಗಳು ಉಚಿತವಾಗಿ ಲಭ್ಯ. ನುಡಿಯ ಕೀಲಿಮಣೆ ವಿನ್ಯಾಸವನ್ನು ಲಿನಕ್ಸ್‌ನಲ್ಲೂ ಅಳವಡಿಸಿಕೊಳ್ಳಬಹುದಾದ್ದರಿಂದ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ.

ಪತ್ರಿಕೆ, ಸ್ಟುಡಿಯೋಗಳಲ್ಲಿ ಫೋಟೋಶಾಪ್ ಇರುವಾಗ ಮಕ್ಕಳಿಗೆ ಬೇರೆಯದನ್ನು ಕಲಿಸುವುದು ನ್ಯಾಯವೇ ಎಂಬ ಆಕ್ಷೇಪ ಪೋಷಕರಿಂದ ಬರುವುದುಂಟು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಬಣ್ಣದ ಮುದ್ರಣದ ಕೆಲಸದಲ್ಲಿ ಗಿಂಪ್ ಇಂದಿಗೂ ಫೋಟೋಶಾಪ್‌ಗೆ ಸರಿಸಾಟಿಯಲ್ಲ. ಆದರೆ ಒಂದು ಕಾಲಕ್ಕೆ ಕನ್ನಡ ಮುದ್ರಣಾಲಯಗಳ ಜೀವಾಳವಾಗಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರಲ್ಲೇ ಬಂದು ನಿಂತಿತು. ಅದನ್ನು ಕಲಿತವರು ಇನ್‌ಡಿಸೈನ್ ಕಲಿಯಲೇಬೇಕಾಯಿತು. ಅವರ ಜತೆ ಉಳಿದದ್ದು ಅಂಕಣ, ಶೀರ್ಷಿಕೆ, ಖಾಲಿ ಜಾಗಗಳ ತಿಳಿವಳಿಕೆ. ಹದಿನಾಲ್ಕರ ವಯಸ್ಸಿಗೆ ಕಲಿಸಬೇಕಾದ್ದೂ ಅದೇ.

ವಾರ್ಷಿಕ ಸಂಚಿಕೆ ಅಚ್ಚಿಗೆ ಹೋಗುವಾಗ ಮಾತ್ರ ಎಚ್ಚರಿಕೆ ಅಗತ್ಯ. ಹಳೆಯ ನುಡಿ ಮಾದರಿಯ ಅಕ್ಷರಗಳಲ್ಲೇ ಕೆಲಸ ಮಾಡುವ ಮುದ್ರಣಾಲಯಕ್ಕೆ ಯೂನಿಕೋಡ್ ಕಡತ ಕೊಟ್ಟರೆ ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡಬಹುದು. ಪುಟಗಳನ್ನು ಶಾಲೆಯಲ್ಲೇ ಅಂತಿಮಗೊಳಿಸಿ, ಅಕ್ಷರವಿನ್ಯಾಸಗಳನ್ನು ಒಳಗೊಂಡ ಪಿಡಿಎಫ್ ರೂಪದಲ್ಲಿ ಕೊಟ್ಟು, ಒಂದು ಕರಡು ಪ್ರತಿ ತೆಗೆಸಿ ನೋಡಿದ ಮೇಲಷ್ಟೇ ಉಳಿದ ಪ್ರತಿಗಳಿಗೆ ಒಪ್ಪಿಗೆ ನೀಡಬೇಕು.