ಬೆಂಕಿಕಡ್ಡಿ: ಅರ್ಥ ಏನು, ಎಲ್ಲೆಲ್ಲಿ ಬಳಸ್ತೀವಿ?

ತುದಿಗೆ ಮದ್ದು ಅಂಟಿಸಿದ, ಗೀರಿದರೆ ಹೊತ್ತಿಕೊಳ್ಳುವ ಸಣ್ಣ ಮರದ ಕಡ್ಡಿಯೇ ಬೆಂಕಿಕಡ್ಡಿ. ಆದ್ರೆ ಅಂಗಡಿಗೆ ಬಂದವರು ಈ ಹೆಸರು ಹೇಳೋದು ಕಡಿಮೆ. ಮೈಸೂರು, ಮಂಡ್ಯ ಕಡೆ ‘ಬೆಂಕಿಪೊಟ್ಣ ಕೊಡಿ’ ಅಂತಾರೆ, ಧಾರವಾಡ, ಗದಗ ಕಡೆ ‘ಕಡ್ಡಿಪೆಟಗಿ ಕೊಡ್ರಿ’. ಬರೀ ‘ಕಡ್ಡಿ’ ಅಂದ್ರೆ ಅಂಗಡಿಯವರಿಗೆ ಪೇಚಾಟ, ಊದಿನಕಡ್ಡಿನೂ ಕಡ್ಡಿನೇ. ‘ಕಡ್ಡಿಪುಡಿ’ ಅಂದ್ರಂತೂ ಹೊಗೆಸೊಪ್ಪು!

ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ ಇರುತ್ತೆ. ಪೊಟ್ಟಣದ ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕ. ಎರಡೂ ಉಜ್ಜಿದಾಗಲೇ ಬೆಂಕಿ. ಅದಕ್ಕೇ ಮಳೆಗಾಲದಲ್ಲಿ ಪಟ್ಟಿ ತೇವ ಆದ್ರೆ ಕಡ್ಡಿ ಚೆನ್ನಾಗಿದ್ರೂ ಹತ್ತಲ್ಲ. ಬಂಡಲ್‌ಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಇಡೋದು ಒಳ್ಳೇದು.

ಮಾಲು ಹೆಚ್ಚಾಗಿ ತಯಾರಾಗೋದು ತಮಿಳುನಾಡಿನ ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿ ಕಡೆ. 2007ರಲ್ಲಿ 50 ಪೈಸೆ ಇದ್ದದ್ದು 1 ರೂಪಾಯಿ ಆಯ್ತು. ಆಮೇಲೆ 14 ವರ್ಷ ಬೆಲೆ ಅಲ್ಲೇ ನಿಂತಿತ್ತು. 2021ರ ಡಿಸೆಂಬರ್ 1ರಿಂದ 2 ರೂಪಾಯಿ. ಕಡ್ಡಿಗಳನ್ನೂ 36ರಿಂದ 50ಕ್ಕೆ ಏರಿಸಿದರು.

ಮಾತಿನಲ್ಲಿ ಕಡ್ಡಿಯ ಕೆಲಸ ಬೇರೆನೇ. ನೇರವಾಗಿ ಹೇಳಿದರೆ ‘ಕಡ್ಡಿ ಮುರಿದ ಹಾಗೆ ಹೇಳಿದ’. ಸಣ್ಣ ವಿಷಯ ದೊಡ್ಡದು ಮಾಡಿದರೆ ‘ಕಡ್ಡಿನ ಗುಡ್ಡ ಮಾಡಿದ’. ತೆಳ್ಳಗಿದ್ದವನು ಕಡ್ಡಿ ಪೈಲ್ವಾನ್. ಇವೆಲ್ಲ ಹುಲ್ಲುಕಡ್ಡಿಯೋ ಪೊರಕೆಕಡ್ಡಿಯೋ ಇರಬಹುದು, ಮದ್ದಿನ ಕಡ್ಡಿನೇ ಆಗಬೇಕಿಲ್ಲ. ಆದರೆ ‘ಕಡ್ಡಿ ಗೀರಿದ’ ಅಂದ್ರೆ ಬೆಂಕಿಕಡ್ಡಿಯೇ. ಇಬ್ಬರ ನಡುವೆ ಜಗಳ ಹಚ್ಚಿದ ಅಂತ ಅರ್ಥ.

ಈ ಮಾತಿಂದ ನಾನೇ ಪೇಚಿಗೆ ಸಿಕ್ಕಿದ್ದೆ. ಸಂತೆಯಲ್ಲಿ ಜಾಗದ ವಿಷಯಕ್ಕೆ ಇಬ್ಬರು ವ್ಯಾಪಾರಿಗಳ ಮಧ್ಯೆ ಬಾಯಿಮಾತಿನ ಜಗಳ ಆಗಿತ್ತು. ‘ಸಂತೆಯಲ್ಲಿ ಕಡ್ಡಿ ಗೀರಿದ್ದು ಯಾರು?’ ಅಂತ ಶೀರ್ಷಿಕೆ ಹಾಕಿದೆ. ಅರ್ಧ ಗಂಟೆಯಲ್ಲಿ ಫೋನ್ ಮೇಲೆ ಫೋನ್. ‘ಯಾವ ಅಂಗಡಿ ಸುಟ್ಟೋಯ್ತು ಸಾರ್?’ ಅಂತ ಒಬ್ಬರು. ಇನ್ನೊಬ್ಬರು ಮಾಲು ಎತ್ತಿಡೋಕೆ ಗಾಡಿ ತಗೊಂಡು ಹೊರಟೇ ಬಿಟ್ಟಿದ್ದರು. ಶೀರ್ಷಿಕೆ ಬದಲಿಸೋ ಹೊತ್ತಿಗೆ ಅದರ ಫೋಟೋ ಮೂರು ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತ್ತು. ಜಗಳ ಆಡಿದವರು ಅಷ್ಟರಲ್ಲಿ ಒಟ್ಟಿಗೆ ಟೀ ಕುಡಿದು ಮನೆಗೆ ಹೋಗಿದ್ದರು.

ಈಗ ಜಗಳದ ಸುದ್ದಿಗೆ ‘ಜಗಳ’ ಅಂತಲೇ ಬರೀತೀನಿ.