ಪಿಕಪ್ ವಾಹನಕ್ಕೆ ಕ್ಯಾರಿಯರ್: ಮೊದಲು ತೂಕದ ಲೆಕ್ಕ

ಡಬಲ್ ಕ್ಯಾಬ್ ಪಿಕಪ್ ವಾಹನದ ಛಾವಣಿಗೆ ಕ್ಯಾರಿಯರ್ ಕೊಳ್ಳುವ ಮುನ್ನ ಆ ಛಾವಣಿ ತಾಳಬಲ್ಲ ಭಾರವೆಷ್ಟೆಂದು ತಿಳಿಯಬೇಕು. ವಾಹನದೊಂದಿಗೆ ಬರುವ ಕೈಪಿಡಿಯಲ್ಲಿ ಈ ಮಿತಿಯನ್ನು ನೋಡಬಹುದು. ಕ್ಯಾರಿಯರ್‌ನ ಸ್ವಂತ ತೂಕವೂ ಇದರಲ್ಲಿ ಸೇರುತ್ತದೆ. ಉದಾಹರಣೆಗೆ, ಮಿತಿ 75 ಕಿಲೋ ಇದ್ದು ಕ್ಯಾರಿಯರ್ 25 ಕಿಲೋ ತೂಗಿದರೆ ಸರಕಿಗೆ ಉಳಿಯುವುದು 50 ಕಿಲೋ ಮಾತ್ರ.

ಉಕ್ಕಿನ ಕ್ಯಾರಿಯರ್ ಗಟ್ಟಿಯಾದರೂ ಭಾರ. ಬಣ್ಣ ಕಿತ್ತಲ್ಲಿ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಬೆಲೆ ಹೆಚ್ಚು.

ಛಾವಣಿಯಲ್ಲಿ ಮಳೆನೀರಿನ ಅಂಚುಪಟ್ಟಿ ಅಥವಾ ರೇಲ್ ಇದ್ದರೆ ಕ್ಲ್ಯಾಂಪ್‌ನಿಂದ ಬಿಗಿಯುವುದು ಸೂಕ್ತ. ರಂಧ್ರ ಕೊರೆದಲ್ಲಿ ಸೀಲಂಟ್ ಹಾಕದಿದ್ದರೆ ನೀರು ಸೋರುತ್ತದೆ. ಬೋಲ್ಟ್‌ಗಳನ್ನು ತಯಾರಕರು ಸೂಚಿಸಿದಷ್ಟೇ ಬಿಗಿದು, ಕೆಲವು ಕಿಲೋಮೀಟರ್ ಓಡಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು.

ಮೇಲ್ಭಾರ ಹೆಚ್ಚಿದಷ್ಟೂ ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳ ತಿರುವುಗಳಲ್ಲಿ ವಾಹನ ವಾಲುವ ಅಪಾಯ ಹೆಚ್ಚು. ಆದ್ದರಿಂದ ಭಾರದ ಸಾಮಗ್ರಿಯನ್ನು ಹಿಂಬದಿಯಲ್ಲಿರಿಸಿ, ಹಗುರವಾದುದನ್ನಷ್ಟೇ ಮೇಲೆ ಕಟ್ಟಬೇಕು.

ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಅಳವಡಿಕೆಗೆ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು.