ಸುಳ್ಳು ಹೆಸರು, ಮರದ ಪುಡಿ ಮತ್ತು ನಾಚಿಕೆ

‘ನಾವು ಪೊಲೀಸ್, ನಿಮ್ಮ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಅಂತ ಕಾಲ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ಅಲ್ವಾ? ಈ ಆಟ ಫೋನಿಗಿಂತ ಹಳೆಯದು. ಬೆಲ್‌ಗೆ ಫೋನಿನ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಅಂಚೆ ಮೂಲಕ ಮೋಸ ಮಾಡೋದು ಅಪರಾಧ ಅಂತ ಅಮೆರಿಕ ಕಾನೂನು ಮಾಡಿದ್ದು 1872ರಲ್ಲಿ. ಆಗಿನ ಶಿಕ್ಷೆ: 500 ಡಾಲರ್‌ವರೆಗೆ ದಂಡ, 18 ತಿಂಗಳವರೆಗೆ ಜೈಲು.

ಆಗ ನ್ಯೂಯಾರ್ಕ್‌ನಿಂದ ಹಳ್ಳಿ ಹಳ್ಳಿಗೆ ಕಾಗದಗಳು ಹೋಗ್ತಿದ್ದವು. ‘ಅಸಲಿಯಂತೆಯೇ ಕಾಣುವ ಖೋಟಾನೋಟು ಇದೆ, ಅಗ್ಗಕ್ಕೆ ಕೊಡ್ತೀವಿ.’ ಕೆಳಗೆ ಒಂದು ಸುಳ್ಳು ಹೆಸರು. ಆಸೆಪಟ್ಟು ಬಂದವನಿಗೆ ತೋರಿಸುತ್ತಿದ್ದದ್ದು ಅಸಲಿ ನೋಟುಗಳನ್ನೇ. ಕೊನೇ ಗಳಿಗೆಯಲ್ಲಿ ಚೀಲ ಬದಲು. ಬಿಚ್ಚಿ ನೋಡಿದರೆ ಒಳಗೆ ಬರೀ ಕಾಗದ, ಇಲ್ಲವೇ ಮರದ ಪುಡಿ!

ಅವನು ಪೊಲೀಸರ ಹತ್ತಿರ ಹೋಗ್ತಿದ್ನಾ? ಹೇಗೆ ಹೋಗ್ತಾನೆ? ‘ಖೋಟಾನೋಟು ಕೊಳ್ಳೋಕೆ ಬಂದಿದ್ದೆ’ ಅಂತ ತಾನೇ ಒಪ್ಪಿಕೊಳ್ಳಬೇಕಲ್ಲ! ವಂಚಕರ ನಿಜವಾದ ಬಂಡವಾಳ ಆ ಮೌನ. 1889ರಲ್ಲಿ ಕಾನೂನು ಬಿಗಿಯಾಯಿತು: ಮೋಸಕ್ಕಾಗಿ ಸುಳ್ಳು ಹೆಸರು, ವಿಳಾಸದಲ್ಲಿ ಅಂಚೆ ಬಳಸುವುದೇ ಬೇರೆ ಅಪರಾಧ. ಇವತ್ತು ಅಲ್ಲಿ ಅದಕ್ಕೆ 5 ವರ್ಷದವರೆಗೆ ಜೈಲು.

ಆಮೇಲೆ ಕಾಗದದ ಜಾಗಕ್ಕೆ ಫೋನ್ ಬಂತು. 1994ರ ಕಾನೂನು ಟೆಲಿಮಾರ್ಕೆಟಿಂಗ್ ವಂಚನೆಗೆ 5 ವರ್ಷದವರೆಗೆ ಹೆಚ್ಚುವರಿ ಶಿಕ್ಷೆ ಸೇರಿಸಿತು. 55 ದಾಟಿದವರನ್ನೇ ಗುರಿ ಮಾಡಿದ್ದರೆ 10 ವರ್ಷದವರೆಗೆ. 2018ರಲ್ಲಿ ಅಲ್ಲಿ ಒಂದೇ ಜಾಲದ 21 ಮಂದಿಗೆ ಶಿಕ್ಷೆಯಾಯಿತು, ಕೆಲವರಿಗೆ 20 ವರ್ಷದವರೆಗೆ. ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಮೆರಿಕದವರಿಗೆ ಕಾಲ್ ಹೋಗ್ತಿದ್ದದ್ದು ಎಲ್ಲಿಂದ ಗೊತ್ತಾ? ನಮ್ಮ ಅಹಮದಾಬಾದ್‌ನ ಕಾಲ್ ಸೆಂಟರ್‌ಗಳಿಂದ.

ನಮ್ಮಲ್ಲೂ ಕಾನೂನು ಹೊಸದಲ್ಲ. 1860ರ ದಂಡ ಸಂಹಿತೆಯಲ್ಲೇ ಸೋಗು ಹಾಕಿ ವಂಚಿಸುವುದು ಅಪರಾಧ. ಆ ಹೆಸರಿನವನು ನಿಜವಾಗಿ ಇದ್ದಾನೋ, ಬರೀ ಕಲ್ಪನೆಯೋ, ಲೆಕ್ಕಕ್ಕಿಲ್ಲ. ಅಲ್ಲಿ 3 ವರ್ಷದವರೆಗಿದ್ದ ಜೈಲು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ವರ್ಷದವರೆಗೆ. ಫೋನ್, ಕಂಪ್ಯೂಟರ್ ಬಳಸಿದ್ದರೆ ಐಟಿ ಕಾಯ್ದೆಯ 66ಡಿ ಕೂಡ ಇದೆ.

ಆದರೆ ದೂರೇ ಬರದಿದ್ದರೆ ಶಿಕ್ಷೆ ಯಾರಿಗೆ? ‘ಯಾರಿಗೂ ಹೇಳಬೇಡಿ’ ಅಂತ ಇವತ್ತಿನ ವಂಚಕ ಹೆದರಿಸೋದು ಅದಕ್ಕೇ. ಅಂದ ಹಾಗೆ, ‘ಡಿಜಿಟಲ್ ಅರೆಸ್ಟ್’ ಅನ್ನೋದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಮನೇಲಿ ಅಜ್ಜಿಗೋ ಅಪ್ಪನಿಗೋ ಮೋಸ ಆದರೆ ಬೈಬೇಡಿ. ಮೊದಲು 1930ಕ್ಕೆ ಕಾಲ್ ಮಾಡಿ. ನಾಚಿಕೆ ಪಡಬೇಕಾದವರು ಅವರಲ್ಲ.